ಲಿಸ್ಬನ್ನಿನ ದಕ್ಕೆಗೆ 20 ನಿಮಿಷ ಸಾಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಪೋರ್ಚುಗಲ್‌ಗೆ ಹೋಗಿ ಬಂದದ್ದನ್ನು ಎರಡೇ ಸಾಲಲ್ಲಿ ಬರೆದು ಬಿಟ್ಟಿದ್ದೆ, ಲಿಸ್ಬನ್ನಲ್ಲಿ ನದಿ ಬದಿಯ ಪ್ರಾಸಾ ದು ಕೊಮೆರ್ಸಿಯು ಅನ್ನುವ ದೊಡ್ಡ ಚೌಕದಲ್ಲಿ ನಾನು, ನಮ್ಮವರು, ಅಮ್ಮ ಮೂರು ಸಂಜೆ ಸುಮ್ನೆ ಕೂತಿದ್ದೆವು ಅಂತ. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರ್ತದೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ. ಎಲ್ಲದಕ್ಕೂ ಆಗುದಿಲ್ಲ, ಒಂದೇ ತರದ್ದನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಮೇ ತಿಂಗಳಲ್ಲಿ ನಾವು ನಾಲ್ಕು ಜನ ಪ್ಯಾಕೇಜ್ ಟೂರಲ್ಲಿ ಹೋಗುದು. ಲಿಸ್ಬನ್ನಿಗೆ ಒಂದೂವರೆ ದಿನ, ಅದರಲ್ಲಿ ಈ ಚೌಕಕ್ಕೆ "ಫೋಟೋ ಸ್ಟಾಪ್ 20 ನಿಮಿಷ" ಅಂತ ಹಾಕಿದ್ದಾರೆ. ಯೂಟ್ಯೂಬಲ್ಲಿ ನೋಡಿದ್ರೆ ಖಾಲಿ ಮೈದಾನ, ನಡುವಲ್ಲಿ ಕುದುರೆ ಮೇಲೆ ಒಬ್ಬ ರಾಜ, ಅಷ್ಟೇ. ಅದಕ್ಕೆ ಎಂತಕ್ಕೆ ಹೋಗುದು, ಆ ಹೊತ್ತಿಗೆ ಶಾಪಿಂಗ್ ಮಾಡಿದ್ರೆ ಆಗ್ಲಿಕ್ಕಿಲ್ವಾ?
– ಬಿಜೈ, ಮಂಗಳೂರು

ಉತ್ತರ: 20 ನಿಮಿಷದಲ್ಲಿ ಎಂತ ಆಗ್ತದೆ ಅಂತ ನಾನೇ ಹೇಳ್ತೇನೆ. ಬಸ್ಸಿಂದ ಎಲ್ಲರೂ ಇಳಿಯುವಾಗ ಐದು ನಿಮಿಷ, ಟಾಯ್ಲೆಟ್ ಎಲ್ಲಿ ಅಂತ ಹುಡುಕುವಾಗ ಹತ್ತು, ಉಳಿದ ಐದರಲ್ಲಿ ನೀವು ಕುದುರೆಯ ಎದುರು ನಿಂತು ಫೋಟೋ ತೆಗೆಯುದು, ಅಷ್ಟರಲ್ಲಿ ಗೈಡ್ ಕೊಡೆ ಎತ್ತಿ ಬೊಬ್ಬೆ ಹಾಕುದು. ಹಾಗಾದ್ರೆ ಶಾಪಿಂಗೇ ಒಳ್ಳೇದು, ನಾನು ಬೇಡ ಅನ್ನುದಿಲ್ಲ. ಆದ್ರೆ ಒಂದೂವರೆ ದಿನದಲ್ಲಿ ಒಂದು ಸಂಜೆ ನಿಮ್ಮದೇ ಅಂತ ಸಿಗುದಾದ್ರೆ ಅದನ್ನು ಇಲ್ಲಿಗೇ ಇಡಿ.

ಖಾಲಿ ಮೈದಾನ ಅಂದ್ರಲ್ಲ, ಅದು ಸರಿಯೇ. ಒಂದೊಂದು ಬದಿ ಸುಮಾರು 175 ಮೀಟರ್, ಒಂದು ಮರ ಇಲ್ಲ, ಮೂರು ಬದಿಗೆ ಕಮಾನಿನ ಚಾವಡಿ ಇರುವ ಹಳದಿ ಬಣ್ಣದ ಉದ್ದುದ್ದ ಕಟ್ಟಡ, ನಾಲ್ಕನೇ ಬದಿ ಪೂರಾ ನೀರಿಗೆ ತೆರೆದು ಬಿಟ್ಟದ್ದು. ನೀರು ಅಂದ್ರೆ ತೇಜು ನದಿ, ನದಿ ಅಂತ ಹೆಸರು ಮಾತ್ರ, ನೋಡ್ಲಿಕ್ಕೆ ಸಮುದ್ರವೇ, ನಮ್ಮ ನೇತ್ರಾವತಿ ಫಲ್ಗುಣಿ ಸೇರುವ ಅಳಿವೆಯಲ್ಲಿ ನಿಂತವರಿಗೆ ನಾನು ಹೇಳುದು ಅರ್ಥ ಆಗ್ತದೆ. ಹೆಚ್ಚಿನವರು ಇಲ್ಲಿಗೆ ಬರುದು ಊರಿನ ಕಡೆಯಿಂದ, ಅಂಗಡಿ ಬೀದಿ ರುವಾ ಅಗುಸ್ತಾ ದಾಟಿ ದೊಡ್ಡ ಕಮಾನಿನ ಅಡಿಯಲ್ಲಿ ನುಗ್ಗಿ. ಹಾಗೆ ಬಂದ್ರೆ ಮೊದಲು ಕಾಣುದು ಕುದುರೆಯ ಬಾಲ! ಯಾಕೆಂದ್ರೆ ರಾಜ ನಿಂತದ್ದು ನದಿಗೆ ಮುಖ ಮಾಡಿ. ನಾವೂ ಮೊದಲ ದಿನ ಬಾಲದ ಕಡೆಯಿಂದಲೇ ಬಂದದ್ದು, ನಮ್ಮವರು ಐದು ನಿಮಿಷದಲ್ಲಿ "ಹೋಗುವನಾ" ಅಂದ್ರು. ಅಮ್ಮ ಮಾತ್ರ ಚಾವಡಿಯ ನೆರಳಲ್ಲಿ ಕೂತು ಒಂದು ಕ್ಷಣ ನೋಡಿ, "ಇದು ದಕ್ಕೆ ಅಲ್ವನಾ" ಅಂದ್ರು. ನನಗೆ ಅಷ್ಟೂ ಹೊತ್ತು ಹೊಳೆಯದೇ ಇದ್ದದ್ದು ಅದು.

ಹೌದು, ಇದು ದಕ್ಕೆಯೇ, ಹಡಗು ಬೋಟು ಬಂದು ನಿಲ್ಲುವ ಕಟ್ಟೆ. 1500ರ ಹೊತ್ತಿಗೆ ರಾಜ ಮನುಯೆಲ್ ಗುಡ್ಡದ ಮೇಲಿನ ಕೋಟೆ ಬಿಟ್ಟು ಇಲ್ಲಿ ನೀರಿನ ಬದಿಗೆ ಅರಮನೆ ಕಟ್ಟಿಸಿದ, ಕಾರಣ ದೊಡ್ಡದೇನಲ್ಲ, ಹಡಗು ಬರುದು ಇಲ್ಲಿಗೆ, ದುಡ್ಡು ಇಳಿಯುದು ಇಲ್ಲಿ. ಅರಮನೆಗೆ ತಾಗಿಯೇ ಕಾಜಾ ದ ಇಂಡಿಯಾ ಅಂತ, ಅಂದ್ರೆ "ಇಂಡಿಯಾದ ಮನೆ", ನಮ್ಮ ಕಡೆಯಿಂದ ಹೋದ ಕಾಳುಮೆಣಸು, ಶುಂಠಿ, ದಾಲ್ಚಿನ್ನಿ ಎಲ್ಲ ಲೆಕ್ಕ ಬರೆಸಿ ರಾಜನ ಪಾಲು ಮುರ್ಕೊಂಡು ಮಾರುವ ಜಾಗ. ರಾಜನಿಗೆ ಗೋದಾಮಿನ ಪಕ್ಕದಲ್ಲೇ ವಾಸ ಅಂತ ಲೆಕ್ಕ, ನಮ್ಮ ಬಂದರಿನ ಹಳೇ ಸಾಹುಕಾರರು ಅಂಗಡಿ ಮೇಲೆಯೇ ಮನೆ ಮಾಡಿದ ಹಾಗೆ. ಅದಕ್ಕೇ ಈ ಜಾಗದ ಹಳೇ ಹೆಸರು ತೆರೈರು ದು ಪಾಸು, ಅರಮನೆಯ ಅಂಗಳ ಅಂತ. ಊರಿನವರು ಈಗಲೂ ಹಾಗೇ ಹೇಳುದು, ಮೆಟ್ರೋ ಸ್ಟೇಷನ್ನಿಗೂ ಫೆರಿ ಇಳಿಯುವಲ್ಲಿಗೂ ಅದೇ ಹೆಸರು, ನೀವು ದಾರಿ ಕೇಳುವಾಗ ಈ ಹೆಸರು ನೆನಪಿಟ್ಕೊಳ್ಳಿ.

ಮತ್ತೆ ಅರಮನೆ ಎಲ್ಲಿ ಅಂತ ಕೇಳ್ತೀರಿ. 1755 ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ಬೆಳಿಗ್ಗೆ ಒಂಬತ್ತೂವರೆ ಕಳೆದಿತ್ತು, ಇಗರ್ಜಿಗಳಲ್ಲಿ ಜನ ತುಂಬಿ, ಮೇಣದ ಬತ್ತಿ ಉರೀತಾ ಇರುವಾಗ ಭೂಮಿ ನಡುಗಿದ್ದು. ಕಟ್ಟಡ ಬೀಳ್ತದೆ ಅಂತ ಜನ ಎಲ್ಲ ಓಡಿ ಬಂದದ್ದು ಎಲ್ಲಿಗೆ ಹೇಳಿ, ಇದೇ ತೆರೆದ ನದಿ ಬದಿಗೆ. ಸ್ವಲ್ಪ ಹೊತ್ತಲ್ಲಿ ನೀರು ಹಿಂದೆ ಹೋಗಿ ತಳ ಕಂಡಿತು, ಆಮೇಲೆ ಸುನಾಮಿಯಾಗಿ ನುಗ್ಗಿತು. ಅದರಿಂದ ತಪ್ಪಿಸಿಕೊಂಡ ಊರು ದಿನಗಟ್ಟಲೆ ಬೆಂಕಿಯಲ್ಲಿ ಸುಟ್ಟಿತು. ಹತ್ತಾರು ಸಾವಿರ ಜನ ಸತ್ತರು, ಅರಮನೆ ಹೋಯ್ತು, 70 ಸಾವಿರ ಪುಸ್ತಕ ಇದ್ದ ಲೈಬ್ರರಿ ಹೋಯ್ತು, ಅದೇ ವರ್ಷ ಶುರು ಮಾಡಿದ ಹೊಸ ಒಪೆರಾ ಮನೆಯೂ ಹೋಯ್ತು. ರಾಜ ಜುಸೆ ಮತ್ತು ಮನೆಯವರು ಆ ಬೆಳಿಗ್ಗೆ ಊರಿನ ಹೊರಗೆ ಬೆಲೆಂ ಕಡೆ ಇದ್ದ ಕಾರಣ ಉಳಿದರು. ಆದ್ರೆ ಆ ಮನುಷ್ಯ ಎಷ್ಟು ಹೆದರಿದ ಅಂದ್ರೆ ಮತ್ತೆ ಸಾಯುವವರೆಗೂ ಕಲ್ಲಿನ ಗೋಡೆಯ ಒಳಗೆ ಮಲಗ್ಲಿಕ್ಕೆ ಒಪ್ಪಲೇ ಇಲ್ಲ, ಗುಡ್ಡದ ಮೇಲೆ ಡೇರೆ ಮತ್ತು ಮರದ ಮನೆ ಕಟ್ಟಿಸಿ ಅಲ್ಲೇ ದರ್ಬಾರು. ಇನ್ನು ಮಜಾ ನೋಡಿ, ಅವನಿಗೆ ಯಾವ ಜಾಗ ಅಂದ್ರೆ ಹೆದರಿಕೆಯೋ ಅದೇ ಜಾಗದ ನಡುವಲ್ಲಿ, ಸುನಾಮಿ ಬಂದ ದಿಕ್ಕಿಗೇ ಮುಖ ಮಾಡಿ, ಅವನದ್ದು ಕಂಚಿನ ಕುದುರೆ ಸವಾರಿ ನಿಲ್ಲಿಸಿದ್ದಾರೆ, 1775ರಲ್ಲಿ. ಶಿಲ್ಪಿ ಮಶಾದು ದೆ ಕಾಸ್ತ್ರು.

ಊರನ್ನು ಮತ್ತೆ ಕಟ್ಟಿಸಿದ್ದು ಮಂತ್ರಿ, ಮಾರ್ಕಿಸ್ ಪೊಂಬಾಲ್. ಗಟ್ಟಿ ಮನುಷ್ಯ, ಕ್ರೂರಿಯೂ ಹೌದು. ಓರೆಕೋರೆ ಗಲ್ಲಿಗಳನ್ನೆಲ್ಲ ತೆಗೆದು ಗೆರೆ ಎಳೆದ ಹಾಗೆ ಬೀದಿ, ಮನೆಯ ಗೋಡೆಯ ಒಳಗೆ ಅಡ್ಡಡ್ಡ ಮರ ಕೂಡಿಸಿ ಪಂಜರದ ಹಾಗೆ ಚೌಕಟ್ಟು, ಭೂಮಿ ನಡುಗಿದ್ರೆ ಮರ ಬಳುಕ್ತದೆ, ಮನೆ ಕೂತುಬಿಡುದಿಲ್ಲ. ಅದಕ್ಕೆ ಅವರು ಹೇಳುದೇ ಗಾಯೋಲಾ, ಪಂಜರ ಅಂತ. ಇದು ನಿಲ್ತದಾ ನೋಡ್ಲಿಕ್ಕೆ ಮಾದರಿ ಕಟ್ಟಿ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ನೆಲ ನಡುಗಿಸಿದ್ರು ಅಂತ ಗೈಡ್‌ಗಳು ಹೇಳ್ತಾರೆ. ವ್ಯಾಪಾರಸ್ಥರ ದುಡ್ಡಲ್ಲಿ ಎದ್ದ ಊರಾದ ಕಾರಣ ಅರಮನೆ ಅಂಗಳ ಹೋಗಿ ವ್ಯಾಪಾರದ ಚೌಕ ಅಂತ ಹೆಸರು ಬಂತು. ವಿಗ್ರಹದ ಪೀಠದ ಎದುರಲ್ಲಿ ಪೊಂಬಾಲ್ ತನ್ನದೂ ಒಂದು ಸಣ್ಣ ಮುಖ ಕಂಚಲ್ಲಿ ಕೂರಿಸಿಕೊಂಡಿದ್ದ. 1777ರಲ್ಲಿ ರಾಜ ಸತ್ತು ಮಗಳು ಪಟ್ಟಕ್ಕೆ ಬಂದದ್ದೇ ಅದನ್ನು ಕಿತ್ತು ತೆಗೆಸಿದಳು, 1833ರಲ್ಲಿ ಮತ್ತೆ ತಂದು ಕೂರಿಸಿದ್ರು. ನಮ್ಮ ಕಡೆ ಶಿಲಾನ್ಯಾಸದ ಕಲ್ಲಿಗೆ ಆಗುವ ರಾಜಕೀಯವೇ.

ಇಷ್ಟೆಲ್ಲ ಗೊತ್ತಾದ ಮೇಲೆ ಎರಡನೇ ಸಂಜೆ ನಾವು ಬುದ್ಧಿವಂತಿಕೆ ಮಾಡಿದೆವು. ಚೌಕದ ಪಕ್ಕದ ಫೆರಿ ಸ್ಟೇಷನ್ನಿಂದ ಆಚೆ ದಡದ ಬರೈರು ಅನ್ನುವ ಊರಿಗೆ ದಿನಾ ಕೆಲಸಕ್ಕೆ ಹೋಗುವವರ ಬೋಟ್ ಉಂಟು, ಟೂರಿಸ್ಟ್ ಕ್ರೂಸ್ ಅಲ್ಲ, ಒಂದು ದಾರಿಗೆ ಇಪ್ಪತ್ತು ನಿಮಿಷ ಚಿಲ್ಲರೆ. ಸುಮ್ನೆ ಹೋದೆವು, ಅಲ್ಲಿ ಇಳಿದು ಮುಂದಿನ ಬೋಟಲ್ಲಿ ವಾಪಸ್. ಬರುವಾಗ ಕಿಟಿಕಿ ಬದಿ ಕೂತ್ಕೊಳ್ಳಿ. ದೂರದಿಂದ ಮೊದಲು ಬಿಳಿ ಕಮಾನು ಒಂದು ಚುಕ್ಕೆ, ಆಮೇಲೆ ಹಳದಿ ಕಟ್ಟಡ ಎರಡು ಕೈ ಚಾಚಿದ ಹಾಗೆ ಅಗಲ ಆಗ್ತಾ ಬರ್ತದೆ, ನಡುವಲ್ಲಿ ರಾಜ ನಿಮ್ಮನ್ನೇ ನೋಡ್ತಾ ನಿಂತಿರ್ತಾನೆ, ಆಗ ತಿಳೀತದೆ ಇದು ಬೋಟಿಂದ ಬರುವವರಿಗೆ ಕಟ್ಟಿದ ಅಂಗಳ ಅಂತ. "ಹೋಗುವನಾ" ಅಂದಿದ್ದ ನಮ್ಮವರು ಆವತ್ತು ಒಂಬತ್ತು ಗಂಟೆವರೆಗೆ ಏಳಲೇ ಇಲ್ಲ.

ಪ್ರಶ್ನೆ: ನಾವು ಬೋಟಿನವರು. ಆ ಚೌಕದಲ್ಲಿ ಮೆಟ್ಟಿಲು ನೀರಿಗೆ ಇಳಿಯುವ ಫೋಟೋ ನೋಡಿದೆ, ಎರಡು ಕಂಬ ಉಂಟು. ಅಲ್ಲಿ ಭರತ ಇಳಿತ ಹೇಗೆ? ಕಾಲು ಇಳಿಸಿ ಕೂರಬಹುದಾ?
– ಮಲ್ಪೆ

ಉತ್ತರ: ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಸರಿಯಾದ ಪ್ರಶ್ನೆ, ಬೇರೆ ಯಾರೂ ಭರತದ ವಿಷಯ ಕೇಳಲೇ ಇಲ್ಲ! ಅದಕ್ಕೆ ಕಾಯಿಸ್ ದಾಸ್ ಕೊಲುನಾಸ್ ಅಂತಾರೆ, ಕಂಬಗಳ ದಕ್ಕೆ. ಚೌಕದ ನಡುವಿಗೆ ಸರಿಯಾಗಿ ಅಗಲ ಕಲ್ಲಿನ ಮೆಟ್ಟಿಲು ನದಿಗೆ ಇಳೀತದೆ, ಆಚೆ ಈಚೆ ಒಂದೊಂದು ಕಂಬ. ದೊಡ್ಡ ಅತಿಥಿಗಳು ಊರಿಗೆ ಬರ್ತಾ ಇದ್ದದ್ದೇ ಈ ಮೆಟ್ಟಿಲಲ್ಲಿ, 1957ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಇಲ್ಲೇ ಇಳಿದದ್ದು. ಮೆಟ್ರೋ ಕೆಲಸಕ್ಕೆ ಅಂತ ವರ್ಷಗಟ್ಟಲೆ ಬಿಚ್ಚಿಟ್ಟು 2008ರಲ್ಲಿ ಮತ್ತೆ ಕೂಡಿಸಿದ್ದಾರೆ.

ನಮ್ಮಲ್ಲಿ ಅಮಾವಾಸ್ಯೆ ಹುಣ್ಣಿಮೆಗೂ ನೀರು ಏರುದು ಒಂದೂವರೆ ಮೀಟರ್ ಆಚೀಚೆ ಅಲ್ವಾ, ಅಲ್ಲಿ ಅದು ಮೂರು ಮೀಟರ್ ದಾಟ್ತದೆ. ಹಾಗಾಗಿ ಬೆಳಿಗ್ಗೆ ನೋಡಿದ ಮೆಟ್ಟಿಲು ಮಧ್ಯಾಹ್ನ ಇರುದಿಲ್ಲ, ನೀರು ಕಂಬದ ಬುಡಕ್ಕೆ ಬಡೀತಾ ಇರ್ತದೆ. ಇಳಿತದಲ್ಲಿ ಹೋದ್ರೆ ಪಕ್ಕದಲ್ಲಿ ಸ್ವಲ್ಪ ಮರಳೂ ತೆರೀತದೆ, ಮಕ್ಕಳು ಆಡ್ತಾ ಇರ್ತಾರೆ. ಫೋನಲ್ಲಿ ಟೈಡ್ ಟೈಮ್ ನೋಡ್ಕೊಂಡು ಹೋಗಿ, ನೀರು ಏರ್ಲಿಕ್ಕೆ ಶುರು ಆಗುವ ಹೊತ್ತು ಮತ್ತು ಸಂಜೆ ಎರಡೂ ಕೂಡಿ ಬಂದ್ರೆ ನಿಮ್ಮ ಅದೃಷ್ಟ.

ಕಾಲು ಇಳಿಸುದು... ಇದನ್ನು ನಾಚಿಕೆ ಬಿಟ್ಟು ಹೇಳ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಪಾಚಿಯಲ್ಲಿ ನಡೆದು ಬೆಳೆದವಳು ನಾನು, ದೇವಸ್ಥಾನದ ಕೆರೆಯ ಮೆಟ್ಟಿಲು ಕಣ್ಣು ಮುಚ್ಚಿ ಇಳಿಯುವವಳು, ಅಂತ ಅಹಂಕಾರ. ಒಣಗಿದ ಹಾಗೆ ಕಂಡ ಮೂರನೇ ಮೆಟ್ಟಿಲಿಗೆ ಚಪ್ಪಲಿ ಇಟ್ಟದ್ದಷ್ಟೇ ಗೊತ್ತು, ಮತ್ತೆ ನಾನು ಐದನೇ ಮೆಟ್ಟಿಲಲ್ಲಿ ಕೂತಿದ್ದೆ, ಚೂಡಿದಾರದ ಹಿಂದೆ ಪೂರಾ ಹಸಿರು. ಒಬ್ಬ ಗಿಟಾರ್ ಬಾರಿಸುವ ಹುಡುಗ ಬಾರಿಸುದು ನಿಲ್ಲಿಸಿ ಓಡಿ ಬಂದು ಕೈ ಹಿಡಿದು ಎತ್ತಿದ. ನಮ್ಮವರು ಫೋಟೋ ತೆಗೆದ್ರು. ಆ ಪಾಚಿ ಮಳೆಗಾಲದ ಪಾಚಿ ಅಲ್ಲ, ಉಪ್ಪುನೀರಿನ ಕೂದಲಿನಂಥ ಪಾಚಿ, ನಿಮಗೆ ದಕ್ಕೆಯವರಿಗೆ ಗೊತ್ತಿರ್ತದೆ. ಬಣ್ಣ ಬದಲಾದ ಗೆರೆಯ ಮೇಲೆಯೇ ಕೂತ್ಕೊಳ್ಳಿ, ಕೆಳಗೆ ಬೇಡ.

ಅಲ್ಲಿ ಕೂತು ಬಲಕ್ಕೆ ನೋಡಿದ್ರೆ ಉದ್ದದ ಕೆಂಪು ತೂಗುಸೇತುವೆ, 1966ರದ್ದು, ಅದರಾಚೆ ಗುಡ್ಡದಲ್ಲಿ ಕೈ ಚಾಚಿದ ಕ್ರಿಸ್ತನ ವಿಗ್ರಹ. ಸೂರ್ಯ ಇಳಿಯುದು ಆ ಕಡೆಗೇ.

ಪ್ರಶ್ನೆ: ಅಲ್ಲಿಯ ಕಮಾನಿನ ಮೇಲೆ ವಾಸ್ಕೋ ಡ ಗಾಮನ ವಿಗ್ರಹ ಉಂಟಂತೆ. ನಮ್ಮ ಕರಾವಳಿಯನ್ನು ಸುಲಿದವರ ಅಂಗಳಕ್ಕೆ ಹೋಗಿ ನಾವು "ಎಷ್ಟು ಚಂದ" ಅಂತ ಹೇಳುದಾ? ಬೇಜಾರಿಲ್ಲದೆ ಉತ್ತರಿಸಿ.
– ಉಳ್ಳಾಲ

ಉತ್ತರ: ಬೇಜಾರು ಎಂತಕ್ಕೆ, ಉಳ್ಳಾಲದವರು ಇದನ್ನು ಕೇಳದೆ ಬೇರೆ ಯಾರು ಕೇಳುದು. ವಿಗ್ರಹ ಉಂಟು. ಕಮಾನು ಮುಗಿದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಭೂಕಂಪ ಆಗಿ ನೂರು ವರ್ಷ ಕಳೆದ ಮೇಲೆ. ನಾಲ್ಕು ಜನ ನಿಂತಿದ್ದಾರೆ, ಗಾಮ, ಪೊಂಬಾಲ್, ಮತ್ತೆ ಅವರ ಹಳೇ ಯೋಧರು ಇಬ್ಬರು. ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ, ಹಿರಿಯರ ಸದ್ಗುಣ ಎಲ್ಲರಿಗೂ ಪಾಠವಾಗಲಿ ಅನ್ನುವ ಅರ್ಥ ಬರುವ ಹಾಗೆ. ಕೆಳಗೆ ನಿಂತು ಅದನ್ನು ನಮ್ಮವರು ಫೋನಲ್ಲಿ ಹುಡುಕಿ ಓದಿ ಹೇಳುವಾಗ ನನಗೂ ನಗು ಬಂತು, ಸಿಟ್ಟೂ ಬಂತು. 1502ರಲ್ಲಿ ಎರಡನೇ ಸಲ ಬಂದ ಇದೇ ಗಾಮ ಮೆಕ್ಕಾದಿಂದ ವಾಪಸ್ ಬರ್ತಾ ಇದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಮಲಬಾರಿನ ಸಮುದ್ರದಲ್ಲಿ ಸುಟ್ಟವನು. ಪಾಠ ಅಂದ್ರೆ ಯಾವ ಪಾಠ?

ನಮ್ಮ ಭಾಗಕ್ಕೆ ಅವರು ಮೆಣಸಿಗೆ ಮಾತ್ರ ಬಂದದ್ದಲ್ಲ, ಅಕ್ಕಿಗೆ ಬಂದದ್ದು. ಬಸ್ರೂರು, ಬಾರ್ಕೂರು, ಮಂಗಳೂರಿನ ಅಕ್ಕಿ ಇಲ್ಲದಿದ್ರೆ ಗೋವಾದ ಪೋರ್ಚುಗೀಸರ ಹೊಟ್ಟೆ ತುಂಬುದಿಲ್ಲ, ಹಾಗಾಗಿ ಕಪ್ಪವನ್ನೂ ಅಕ್ಕಿ ಮುಡಿಯ ಲೆಕ್ಕದಲ್ಲೇ ಕೇಳ್ತಿದ್ದದ್ದು. ಆ ಕಪ್ಪ ಕೊಡ್ಲಿಕ್ಕಿಲ್ಲ ಅಂತ ನಿಂತವಳು ನಿಮ್ಮ ಅಬ್ಬಕ್ಕ. 1568ರಲ್ಲಿ ಮಂಗಳೂರಲ್ಲಿ ಕೋಟೆ ಕಟ್ಟಿದ್ರು, ಆದ್ರೂ ಉಳ್ಳಾಲ ಅವರಿಗೆ ಸುಲಭದಲ್ಲಿ ದಕ್ಕಲಿಲ್ಲ. "ಕೆನರಾ" ಅನ್ನುವ ಹೆಸರು ಉಂಟಲ್ಲ, ಅದೂ ಅವರ ನಾಲಿಗೆಯಲ್ಲಿ ತಿರುಚಿದ್ದೇ, ನಾವು ಬ್ಯಾಂಕಿಗೆ ಶಾಲೆಗೆಲ್ಲ ಇಟ್ಕೊಂಡಿದ್ದೇವೆ.

ಹೋಗ್ಬಾರ್ದಾ ಅಂದ್ರೆ, ನನ್ನ ಲೆಕ್ಕದಲ್ಲಿ ನಾವೇ ಹೋಗ್ಬೇಕು. ಪ್ಯಾರಿಸಿನವರಿಗೆ ಅದು ಹಳದಿ ಕಟ್ಟಡ, ನಮಗೆ ಅದು ನಮ್ಮ ಅಕ್ಕಿ ಮೆಣಸಿನ ಲೆಕ್ಕದ ಪುಸ್ತಕದ ಇನ್ನೊಂದು ಬದಿ. ಚಂದ ಅಂತಲೂ ಹೇಳಿ, ಇದರಲ್ಲಿ ನಮ್ಮ ಅಜ್ಜಂದಿರ ದುಡ್ಡೂ ಉಂಟು ಅಂತಲೂ ಹೇಳಿ. ಇನ್ನೊಂದು ವಿಷಯ, ಆ ಅಂಗಳದಲ್ಲಿ ಅವರ ರಾಜರ ಕತೆಯೂ ಮುಗಿದಿದೆ. 1908ರ ಫೆಬ್ರವರಿ 1ಕ್ಕೆ ರಾಜ ಕಾರ್ಲುಸ್ ಮತ್ತು ದೊಡ್ಡ ಮಗನನ್ನು ಗಾಡಿಯಲ್ಲಿ ಹೋಗುವಾಗ ಇದೇ ಚೌಕದ ಮೂಲೆಯಲ್ಲಿ ಗುಂಡಿಕ್ಕಿ ಕೊಂದರು, ಎರಡೇ ವರ್ಷದಲ್ಲಿ ರಾಜಪ್ರಭುತ್ವವೇ ಹೋಯ್ತು. 1974ರ ಎಪ್ರಿಲ್ 25ಕ್ಕೆ ಬೆಳಿಗ್ಗೆ ಕ್ಯಾಪ್ಟನ್ ಸಲ್ಗೈರು ಮಾಯಾ ಅನ್ನುವ 29 ವರ್ಷದ ಆಫೀಸರ್ ತುಕಡಿ ತಂದು ಇಲ್ಲೇ ನಿಲ್ಲಿಸಿದ, ಸಂಜೆಯ ಒಳಗೆ ಸರ್ವಾಧಿಕಾರ ಬಿತ್ತು. ಗೋವಾ 1961ರಲ್ಲೇ ನಮ್ಮದಾಗಿದ್ರೂ ಪೋರ್ಚುಗಲ್ ಅದನ್ನು ಒಪ್ಪಿ ಸಹಿ ಹಾಕಿದ್ದು ಆ ಕ್ರಾಂತಿಯ ನಂತರ, 1974ರ ಡಿಸೆಂಬರ್ ಕೊನೆಗೆ. ಹಾಗಾಗಿ ನಿಮ್ಮ ಸಿಟ್ಟಿಗೆ ಸ್ವಲ್ಪ ಸಮಾಧಾನವೂ ಅದೇ ಅಂಗಳದಲ್ಲಿ ಸಿಗ್ತದೆ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ಆ ರಾಜನ ವಿಗ್ರಹದ ಪಕ್ಕದಲ್ಲಿ ಆನೆ ಯಾಕೆ ಉಂಟು ಆಂಟಿ? ಪೋರ್ಚುಗಲ್ಲಲ್ಲಿ ಆನೆ ಉಂಟಾ?
– ಬ್ರಹ್ಮಾವರ

ಉತ್ತರ: ಕಣ್ಣು ಚುರುಕುಂಟು ಮಗಾ ನಿಂದು! ಪೀಠದ ಒಂದು ಬದಿಯಲ್ಲಿ ಕುದುರೆ, ಇನ್ನೊಂದು ಬದಿಯಲ್ಲಿ ಆನೆ, ಕಲ್ಲಲ್ಲಿ ಕೆತ್ತಿದ್ದು. ಆನೆ ಅಂದ್ರೆ ನಮ್ಮ ಕಡೆ, ಏಷ್ಯಾದಲ್ಲಿ ತಮ್ಮ ರಾಜ್ಯ ಉಂಟು ಅಂತ ತೋರಿಸ್ಲಿಕ್ಕೆ. ಅಲ್ಲಿ ಕಾಡಾನೆ ಇಲ್ಲ, ಆದ್ರೆ ರಾಜ ಮನುಯೆಲ್ ಇಂಡಿಯಾದಿಂದ ಹಡಗಲ್ಲಿ ಆನೆ ತರಿಸಿ ಲಿಸ್ಬನ್ನಲ್ಲಿ ಸಾಕ್ತಿದ್ದ, ಒಂದನ್ನು 1514ರಲ್ಲಿ ರೋಮಿಗೆ ಪೋಪರಿಗೆ ಗಿಫ್ಟ್ ಕಳಿಸಿದ್ದ. 1515ರಲ್ಲಿ ಗುಜರಾತಿನಿಂದ ಒಂದು ಘೇಂಡಾಮೃಗ ಬಂತು, ಯುರೋಪಿನವರು ಸಾವಿರಕ್ಕೂ ಹೆಚ್ಚು ವರ್ಷದಿಂದ ಅದನ್ನು ಕಂಡೇ ಇರ್ಲಿಲ್ಲ. ಆನೆಗೂ ಘೇಂಡಾಮೃಗಕ್ಕೂ ಜನ್ಮದ ದ್ವೇಷ ಅಂತ ಹಳೇ ಪುಸ್ತಕದಲ್ಲಿ ಬರೆದದ್ದು ನಿಜವಾ ನೋಡುವ ಅಂತ ರಾಜ ಅರಮನೆ ಅಂಗಳದಲ್ಲಿ ಎರಡನ್ನೂ ಎದುರುಬದುರು ಬಿಟ್ಟ. ಆನೆ ಒಂದು ಸಲ ನೋಡಿ ಓಡಿ ಹೋಯ್ತು! ಆ ಘೇಂಡಾಮೃಗದ ವಿವರ ಬರೆದ ಪತ್ರ ಮತ್ತು ಒಂದು ಸ್ಕೆಚ್ ಮೇಲಿಂದಲೇ ಜರ್ಮನಿಯ ಡ್ಯೂರರ್ ಅನ್ನುವ ಚಿತ್ರಗಾರ, ಪ್ರಾಣಿಯನ್ನು ನೋಡದೆಯೇ, ಚಿತ್ರ ಕೆತ್ತಿದ್ದು. ಹುಡುಕಿ ನೋಡು, ಮೈಗೆ ಕಬ್ಬಿಣದ ಕವಚ ಹಾಕಿದ ಹಾಗೆ ಕಾಣ್ತದೆ.

ಪ್ರಶ್ನೆ: ಸ್ಟೂಡೆಂಟ್ ಬಜೆಟಲ್ಲಿ ಹೋಗ್ತಾ ಇದ್ದೇವೆ, ಮೂರು ಹುಡುಗಿಯರು. ಆ ಚೌಕ ಸೇಫಾ? ಖರ್ಚು ಕಡಿಮೆ ಮಾಡುದು ಹೇಗೆ?
– ಮಣಿಪಾಲ

ಉತ್ತರ: ಸೇಫ್, ರಾತ್ರಿಯೂ ಜನ ಇರ್ತಾರೆ. ಎರಡು ರಗಳೆ ಮಾತ್ರ. ಒಂದು, ಕನ್ನಡಕ ಮಾರುವವರ ಹಾಗೆ ಹತ್ತಿರ ಬಂದು ಮೆಲ್ಲ "ಹಶೀಶ್" ಅನ್ನುವವರು. ಹೆಚ್ಚಿನದು ನಕಲಿ ಸರಕು, ಉತ್ತರವೇ ಕೊಡದೆ ನಡೀರಿ. ಎರಡು, ಪಿಕ್‌ಪಾಕೆಟ್, ಚೌಕಕ್ಕಿಂತ ಹೆಚ್ಚು ಟ್ರಾಮಲ್ಲಿ. ಬೆಲೆಂ ಕಡೆ ಹೋಗುವ 15 ನಂಬ್ರದ ಟ್ರಾಮ್ ಚೌಕದಲ್ಲೇ ನಿಲ್ತದೆ, ನಮ್ಮ ಸಿಟಿಬಸ್ಸಿನ ಸಂಜೆ ಐದೂವರೆಯ ರಶ್ ನೆನಪು ಮಾಡಿ, ಬ್ಯಾಗ್ ಎದುರಿಗೆ ಹಾಕ್ಕೊಳ್ಳಿ.

ಖರ್ಚಿನ ವಿಷಯ. ಚೌಕಕ್ಕೆ ಟಿಕೆಟ್ ಇಲ್ಲ. ಕಮಾನಿನ ಮೇಲೆ ಹತ್ಲಿಕ್ಕೆ ಉಂಟು, ಸ್ವಲ್ಪ ಲಿಫ್ಟ್, ಮತ್ತೆ ಸುತ್ತುಮೆಟ್ಟಿಲು, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕಾಫಿಯನ್ನು ಹೊರಗಿನ ಕುರ್ಚಿಯಲ್ಲಿ ಕೂತು ಕುಡಿದ್ರೆ ಒಂದು ರೇಟು, ಒಳಗೆ ಕೌಂಟರಲ್ಲಿ ನಿಂತು ಕುಡಿದ್ರೆ ಕಡಿಮೆ. ಬಿಕಾ ಅಂತ ಕೇಳಿ, ನಮ್ಮ ಬೈಟುವಿನ ಅರ್ಧವೂ ಬರುದಿಲ್ಲ, ಆದ್ರೆ ಮಂಡೆಗೆ ಹೊಡೀತದೆ. ಮೂಲೆಯಲ್ಲಿ ಮಾರ್ತಿನ್ಯು ದ ಅರ್ಕಾದಾ ಅನ್ನುವ ಹೋಟೆಲ್ 1782ರದ್ದು, ಕವಿ ಫೆರ್ನಾಂದು ಪೆಸ್ಸೋವಾ ದಿನಾ ಕೂರ್ತಿದ್ದ ಟೇಬಲನ್ನು ಹಾಗೇ ಇಟ್ಟಿದ್ದಾರೆ. ಊಟಕ್ಕೆ ಅಲ್ಲಿ ನಿಮ್ಮ ಬಜೆಟ್ ಹಾಳಾಗ್ತದೆ, ಕಾಫಿಗೆ ತೊಂದರೆ ಇಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ನನಗೆ 66, ಮನೆಯವಳಿಗೆ ಗಂಟುನೋವು. ಆಗ್ತದಾ?
– ರಥಬೀದಿ ಹತ್ತಿರ, ಉಡುಪಿ

ಉತ್ತರ: ಆಗ್ತದೆ ರಾಯರೇ, ನಮ್ಮ ಅಮ್ಮನಿಗೆ 71. ಚೌಕ ಮತ್ತು ಅದರ ಹಿಂದಿನ ಬೀದಿಗಳು ಸಮತಟ್ಟು, ಗುಡ್ಡದ ಕಡೆ ಮಾತ್ರ ಹತ್ತಿ ಇಳಿಯುದು. ಸುತ್ತಲಿನ ಪುಟ್‌ಪಾತಿಗೆ ಬಿಳಿ ಕಪ್ಪು ಸಣ್ಣ ಕಲ್ಲು ಜೋಡಿಸಿದ್ದು, ನೋಡ್ಲಿಕ್ಕೆ ರಂಗೋಲಿ, ಒದ್ದೆಯಾದ್ರೆ ಸೋಪು. ಹಿಡಿತ ಇರುವ ಶೂ ಬೇಕೇ ಬೇಕು. ಮಧ್ಯಾಹ್ನ ಬೇಡ, ಬಿಳಿ ಕಲ್ಲಿನ ಸೆಖೆ ಮುಖಕ್ಕೆ ಹೊಡೀತದೆ. ಸಂಜೆಯ ಗಾಳಿಗೆ ಮೇ ಜೂನಲ್ಲೂ ಒಂದು ಶಾಲು ಇರಲಿ.

ಊಟ ಸ್ವಲ್ಪ ಕಷ್ಟ, ಸುಳ್ಳು ಹೇಳುದಿಲ್ಲ. ಅವರ ಪ್ರಸಿದ್ಧ ಸೊಪ್ಪಿನ ಸೂಪು ಕಾಲ್ದು ವೆರ್ದ್ ಅಂತ, ಸೊಪ್ಪು ಬಟಾಟೆ ಅಂತ ನಂಬಿ ತರಿಸಿದ್ರೆ ಒಳಗೆ ಒಂದು ತುಂಡು ಹಂದಿ ಮಾಂಸದ ಸಾಸೇಜ್ ತೇಲ್ತಾ ಇರ್ತದೆ. ಎಲ್ಲರೂ ಹೊಗಳುವ ನಾತಾ ಅನ್ನುವ ತಿಂಡಿಯಲ್ಲಿ ಮೊಟ್ಟೆಯ ಹಳದಿಯೇ ಮುಖ್ಯ. ಬ್ರೆಡ್, ಆಲಿವ್, ಚೀಸು ಕೇಳದೇ ತಂದು ಎದುರಿಗೆ ಇಡ್ತಾರೆ, ಅದು ಫ್ರೀ ಅಲ್ಲ, ಮುಟ್ಟಿದ್ರೆ ಬಿಲ್ಲಿಗೆ ಬರ್ತದೆ, ಬೇಡದಿದ್ರೆ ಆಗಲೇ ವಾಪಸ್ ಕಳಿಸಿ. ಹತ್ತಿರದಲ್ಲೇ ಇಂಡಿಯನ್, ನೇಪಾಳಿ ಹೋಟೆಲ್‌ಗಳು ಬೇಕಾದಷ್ಟು ಉಂಟು, ರಾತ್ರಿ ಊಟಕ್ಕೆ ಅವೇ ಗತಿ. ಅವಲಕ್ಕಿ, ಚಟ್ನಿಪುಡಿ ಕಟ್ಕೊಂಡು ಹೋಗಿ.

ಇದಕ್ಕೇ ಸೇರಿಸಿ ಮೀನು ತಿನ್ನುವವರಿಗೆ ಒಂದು ಸಾಲು: ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ, ಅವರು ಹುಟ್ಟಿದ್ದೇ ಲಿಸ್ಬನ್ನಲ್ಲಿ. ಗಲ್ಲಿ ಗಲ್ಲಿಯಲ್ಲಿ ಕೆಂಡದ ಮೇಲೆ ಸಾರ್ಡಿನ್, ಅಂದ್ರೆ ನಮ್ಮ ಬೂತಾಯಿಯ ಬಂಧು. ಮಸಾಲೆ ಇಲ್ಲ, ಬರೀ ಉಪ್ಪು. ನಮ್ಮವರು ಆರು ತಿಂದು "ಸ್ವಲ್ಪ ಮೆಣಸು ಹಾಕಿದ್ರೆ..." ಅಂದ್ರು.

ಪ್ರಶ್ನೆ: ವೀಸಾ, ಫ್ಲೈಟ್ ಬಗ್ಗೆ ಹೇಳಿ.
– ಸುರತ್ಕಲ್, ಕಾರ್ಕಳ, ಪುತ್ತೂರು, ಇನ್ನೂ ಐದಾರು ಮಂದಿ

ಉತ್ತರ: ಶೆಂಗೆನ್ ವೀಸಾ, ಅಂದ್ರೆ ಯುರೋಪಿನ ಹೆಚ್ಚಿನ ದೇಶಗಳಿಗೆ ನಡೆಯುವ ಒಂದೇ ವೀಸಾ. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ. ಕನಿಷ್ಠ 30 ಸಾವಿರ ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಬೆರಳಚ್ಚು ಕೊಡ್ಲಿಕ್ಕೆ ನೀವೇ ಹೋಗ್ಬೇಕು, ಏಜೆಂಟ್ ಹೋದ್ರೆ ಆಗುದಿಲ್ಲ. ಮಂಗಳೂರಿಂದ ಯುರೋಪಿಗೆ ನೇರ ವಿಮಾನ ಇಲ್ಲ, ದುಬೈಗೆ ಹೋಗಿ ಅಲ್ಲಿಂದ ಲಿಸ್ಬನ್ ಹಿಡಿಯುದು ನಮಗೆ ಸುಲಭ ಆಯ್ತು, ಬೆಂಗಳೂರಿನ ಘಾಟಿ ಬಸ್ಸಿನ ಸೊಂಟನೋವು ಉಳೀತದೆ. ಎರಡೂ ಟಿಕೆಟ್ ಬೇರೆ ಬೇರೆ ತೆಗೆದ್ರೆ ನಡುವಲ್ಲಿ ಹೊತ್ತು ಧಾರಾಳ ಇಟ್ಕೊಳ್ಳಿ.

ಪ್ರಶ್ನೆ: ವೆನಿಸಿನ ಸಾನ್ ಮಾರ್ಕೋ ಚೌಕವಾ, ಇದಾ? ಒಂದನ್ನು ಹೇಳಿ.
– ಕುಂದಾಪುರ

ಉತ್ತರ: ಕಟ್ಟಡ ನೋಡ್ಲಿಕ್ಕೆ ವೆನಿಸ್. ಗಾಳಿಯಲ್ಲಿ ಕಾಲು ಚಾಚಿ ಕೂರ್ಲಿಕ್ಕೆ ಲಿಸ್ಬನ್. ವೆನಿಸಲ್ಲಿ ಮೆಟ್ಟಿಲಲ್ಲಿ ಕೂತು ಬುತ್ತಿ ಬಿಚ್ಚಿದ್ರೆ ದಂಡ ಹಾಕ್ತಾರೆ ಮಾರಾಯ್ರೆ.

ಪ್ರಶ್ನೆ: ಅವರ ಭಾಷೆಯಿಂದ ನಮ್ಮ ಕೊಂಕಣಿಗೆ ಎಷ್ಟೋ ಶಬ್ದ ಬಂದಿದೆಯಂತೆ. ಕೊಂಕಣಿ ಮಾತಾಡಿದ್ರೆ ಅಲ್ಲಿ ನಡೀತದಾ?
– ಬೆಂದೂರು, ಮಂಗಳೂರು

ಉತ್ತರ: ವಾಕ್ಯ ನಡೆಯುದಿಲ್ಲ ಬಾಯಮ್ಮಾ, ಬಿಡಿ ಶಬ್ದ ನಡೀತದೆ. ಇಗರ್ಜಿ, ಪಾದ್ರಿ, ಜನೆಲ್, ಬಟಾಟೆ, ಅನಾನಸು, ಇದೆಲ್ಲ ಅಲ್ಲಿಂದಲೇ ನಮ್ಮ ದಕ್ಕೆಗೆ ಇಳಿದದ್ದು, ಕೊಂಕಣಿಗೆ ಮಾತ್ರ ಅಲ್ಲ, ಕನ್ನಡ ತುಳುವಿಗೂ. ಆದ್ರೆ ಉಚ್ಚಾರ ಅವರು ಅರ್ಧ ನುಂಗ್ತಾರೆ.

ನಮ್ಮ ಗೆಸ್ಟ್‌ಹೌಸ್ ಚೌಕದಿಂದ ಎರಡು ಬೀದಿ ಹಿಂದೆ, ನಡೆಸುವವರು ಒಬ್ಬರು ವಯಸ್ಸಾದ ಹೆಂಗಸು, ಇಂಗ್ಲಿಷ್ ಹೆಚ್ಚು ಬರುದಿಲ್ಲ. ಅಮ್ಮನಿಗೂ ಬರುದಿಲ್ಲ. ಮೊದಲ ದಿನ ಬಾಗಿಲಲ್ಲಿ ನಿಂತು ಅಮ್ಮ "ಚಾವಿ, ಚಾವಿ" ಅಂದ್ರು, ಆಕೆ "ಶಾವ್?" ಅಂತ ಕೇಳಿ ನಗಾಡ್ತಾ ಬೀಗದ ಕೈ ತಂದು ಕೊಟ್ಟರು. ಅಮ್ಮನಿಗೆ ಧೈರ್ಯ ಬಂತು. ಮರುದಿನ ಬೆಳಿಗ್ಗೆ ಬಾತ್ರೂಮಲ್ಲಿ ಬರೀ ಶವರ್ ಮಾತ್ರ ಇದ್ದದ್ದು ಅಮ್ಮನಿಗೆ ಸರಿ ಹೋಗ್ಲಿಲ್ಲ, ನಾವು ಏಳುವ ಮೊದಲೇ ಕೆಳಗೆ ಹೋಗಿ "ಬಾಲ್ದಿ" ಅಂತ ಕೇಳಿದ್ದಾರೆ. ಆಕೆಗೆ ಅದೂ ಅರ್ಥ ಆಯ್ತು. ಐದು ನಿಮಿಷದಲ್ಲಿ ನೆಲ ಒರೆಸುವ ಬಾಲ್ದಿ, ಒಳಗೆ ನೀರು, ಫಿನಾಯಿಲಿನ ವಾಸನೆ, ಜೊತೆಗೆ ಉದ್ದದ ಒರೆಸುಕೋಲೂ ತಂದು ಅಮ್ಮನ ಕೈಗೆ ಕೊಟ್ಟು ಹೋದರು. ನಾನು ಎದ್ದು ನೋಡುವಾಗ ಅಮ್ಮ ರೂಮಿನ ನೆಲ ಅರ್ಧ ಒರೆಸಿ ಆಗಿತ್ತು.